ಅಡುಗೆ ಕಟ್ಟೆಯ ಅಂಚು: ಮೇಲಿನ ಮೂಲೆ ಕೈಗೆ, ಕೆಳಗಿನ ಮೂಲೆ ನೀರಿಗೆ

ಅಡುಗೆ ಕಟ್ಟೆಗೆ ಗ್ರಾನೈಟ್ ಆರಿಸೋಕೆ ನಾವು ಮೂರು ಭಾನುವಾರ ಬೆಂಗಳೂರಿನ ಹತ್ತಿರದ ಜಿಗಣಿಗೆ ಹೋಗಿದ್ದೆವು. ಅಂಗಡಿಯಿಂದ ಅಂಗಡಿಗೆ ನಡೆದು, ಸಾಲಾಗಿ ನಿಲ್ಲಿಸಿದ ಹಲಗೆಗಳ ಮೇಲೆ ನೀರು ಚಿಮುಕಿಸಿ ಬಣ್ಣ ನೋಡಿದೆವು. ಫೋಟೊ ತೆಗೆದು ಅಕ್ಕನಿಗೆ ಕಳಿಸಿದೆವು. ಕೊನೆಗೆ ಒಂದು ಕಪ್ಪು ಕಲ್ಲು ಒಪ್ಪಿಗೆಯಾಗಿ ಮನೆಗೆ ಬಂತು. ಆಗ ಮೇಸ್ತ್ರಿ ಕೇಳಿದರು: “ಮೋಲ್ಡಿಂಗ್ ಯಾವ್ದು ಮಾಡ್ಲಿ?” ಅಂದರೆ ಕಲ್ಲಿನ ಮುಂದಿನ ಅಂಚನ್ನು ಯಾವ ಆಕಾರಕ್ಕೆ ಉಜ್ಜಬೇಕು ಅಂತ. ಕಲ್ಲಿಗೆ ಮೂರು ವಾರ ಕೊಟ್ಟ ನಾವು ಈ ಪ್ರಶ್ನೆಗೆ ಒಂದು ನಿಮಿಷವೂ ಕೊಡಲಿಲ್ಲ. “ಫುಲ್ ರೌಂಡ್ ಮಾಡಿ, ಚೆನ್ನಾಗಿ ಕಾಣುತ್ತೆ” ಅಂದೆ. ಮೇಲೂ ಕೆಳಗೂ ಪೂರ್ತಿ ಗುಂಡಗಿರುವ ಅಂಚು ಅದು.

ಎಂಟು ತಿಂಗಳಲ್ಲಿ ಸಿಂಕ್ ಕೆಳಗಿನ ಪ್ಲೈವುಡ್ ಶಟರ್‌ನ, ಅಂದರೆ ಕಪಾಟಿನ ಬಾಗಿಲಿನ, ಮೇಲ್ತುದಿ ನೀರು ಕುಡಿದು ಊದಿಕೊಂಡಿತು. ಅಮ್ಮನ ಕಾಯಿ ತುರಿಯುವ ಯಂತ್ರ ಕಟ್ಟೆಗೆ ಕಚ್ಚಿ ನಿಲ್ಲದೆ ಜಾರತೊಡಗಿತು. ಇದರಲ್ಲಿ ಕಲ್ಲಿನ ತಪ್ಪಿರಲಿಲ್ಲ, ಕೆಲಸದ ತಪ್ಪೂ ಇರಲಿಲ್ಲ. ನಾವು ಆರಿಸಿದ ಅಂಚೇ ನಮ್ಮ ಅಡುಗೆಮನೆಗೆ ಹೊಂದುವಂಥದ್ದಲ್ಲ. ಆಮೇಲೆ ಈ ವಿಷಯವನ್ನು ಕೇಳಿ, ನೋಡಿ, ಕಲ್ಲಿನ ಕೆಲಸದವರ ಜೊತೆ ಕೂತು ತಿಳಿದುಕೊಂಡೆ. ಮನೆ ಕಟ್ಟಿಸುತ್ತಿರುವವರಿಗೆ, ಅಡುಗೆಮನೆ ಹೊಸದು ಮಾಡಿಸುತ್ತಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಅಂಗಡಿಯವರು ಹೇಳುವ ಹೆಸರುಗಳನ್ನು ಸ್ವಲ್ಪ ಹೊತ್ತು ಬದಿಗಿಡಿ. ಒಂದು ಕಾಗದ ತೆಗೆದುಕೊಂಡು ಕಟ್ಟೆಯ ಅಂಚನ್ನು ಪಕ್ಕದಿಂದ ನೋಡಿದ ಹಾಗೆ ಬರೆಯಿರಿ. ಬೆಣ್ಣೆ ಬಿಸ್ಕತ್ತನ್ನು ಅಡ್ಡ ಮುರಿದಾಗ ಕಾಣುವ ಹಾಗೆ. ಮೇಲೆ ಒಂದು ಗೆರೆ, ಕೆಳಗೆ ಒಂದು ಗೆರೆ, ಮುಂದೆ ಒಂದು ಗೆರೆ. ಎರಡು ಮೂಲೆ ಸಿಕ್ಕಿತು ಅಲ್ವಾ? ಮೇಲಿನ ಮೂಲೆಗೆ ತಾಗುವುದು ನಮ್ಮ ಕೈ, ಹೊಟ್ಟೆ, ಪಾತ್ರೆ. ಕೆಳಗಿನ ಮೂಲೆಗೆ ತಾಗುವುದು ನೀರು. ಇವೆರಡರ ಕೆಲಸ ಬೇರೆ ಬೇರೆ. ಹಾಗಾಗಿ ಆಕಾರವೂ ಬೇರೆ ಬೇರೆ ಬೇಕು. ಮಾರುಕಟ್ಟೆಯಲ್ಲಿ ಸಿಗುವ ಹತ್ತಾರು ಮೋಲ್ಡಿಂಗ್‌ಗಳಲ್ಲಿ ಪ್ರತಿಯೊಂದನ್ನೂ ಈ ಎರಡು ಮೂಲೆಗಳ ಲೆಕ್ಕದಲ್ಲಿ ನೋಡಿದರೆ ಗೊಂದಲ ತಾನಾಗಿ ಕರಗುತ್ತದೆ.

ಮೇಲಿನ ಮೂಲೆ

ಗ್ರಾನೈಟ್ ಗಡಸು ಕಲ್ಲು, ನಿಜ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ (1 ಅತಿ ಮೆದು, 10 ಅತಿ ಗಡಸು) ಅದು 6ರಿಂದ 7ರ ಆಸುಪಾಸಿನಲ್ಲಿದೆ. ಅಡುಗೆಮನೆಯ ಚಾಕು ಅದರ ಮೇಲೆ ಗೀರು ಬೀಳಿಸುವುದು ಕಷ್ಟ. ಆದರೆ ಗೀರು ತಾಳೋದು ಬೇರೆ, ಪೆಟ್ಟು ತಾಳೋದು ಬೇರೆ. ಗಾಜೂ ಗಡಸೇ. ಬಿದ್ದರೆ ಒಡೆಯುತ್ತದೆ.

ಕಲ್ಲನ್ನು ಮೇಲಿನಿಂದ ಒತ್ತಿದರೆ ಅದು ಎಷ್ಟು ಭಾರ ಬೇಕಾದರೂ ಹೊರುತ್ತದೆ. ಬಾಗಿಸಿದರೆ, ಎಳೆದರೆ ಬೇಗ ಬಿಟ್ಟುಕೊಡುತ್ತದೆ. ಚೂಪಾದ 90 ಡಿಗ್ರಿ ಮೂಲೆಗೆ ಕುಕ್ಕರಿನ ತಳ ಬಡಿಯಿತು ಅಂತಿಟ್ಟುಕೊಳ್ಳಿ. ಇಡೀ ಪೆಟ್ಟು ಒಂದು ಗೆರೆಯಷ್ಟು ಜಾಗದ ಮೇಲೆ ಬೀಳುತ್ತದೆ. ಅದರ ಹಿಂದೆ ಆಸರೆಗೆ ಇರುವ ಕಲ್ಲೂ ಕಡಿಮೆ. ಸಣ್ಣ ಚಕ್ಕೆ ಹಾರಿಹೋಗುತ್ತದೆ. ಅದೇ ಮೂಲೆಯನ್ನು 3 ಮಿ.ಮೀ.ನಷ್ಟು ಉಜ್ಜಿ ಗುಂಡಗೆ ಮಾಡಿದ್ದರೆ ಪೆಟ್ಟು ಹರಡಿಕೊಳ್ಳುತ್ತದೆ, ಚಕ್ಕೆ ಏಳುವ ಸಾಧ್ಯತೆ ಬಹಳ ಇಳಿಯುತ್ತದೆ. ಇನ್ನೂ ದೊಡ್ಡದಾಗಿ, 8–10 ಮಿ.ಮೀ. ಗುಂಡಗೆ ಮಾಡಿದರೆ ಮತ್ತಷ್ಟು ಒಳ್ಳೆಯದು.

ಕಲ್ಲಿನ ಕಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಚಾಮರಾಜನಗರದ ಕಪ್ಪು ಕಲ್ಲಿನ ಹಾಗೆ ಸಣ್ಣ ಕಣದ ಕಲ್ಲುಗಳು ಮೂಲೆಯಲ್ಲಿ ನುಣುಪಾಗಿ ನಿಲ್ಲುತ್ತವೆ. ದೊಡ್ಡ ದೊಡ್ಡ ಹರಳು ಕಾಣುವ ಕಲ್ಲುಗಳಲ್ಲಿ ಚೂಪು ಮೂಲೆಯಿಂದ ಒಂದೊಂದು ಹರಳೇ ಕಿತ್ತು ಬರಬಹುದು. ಅಂಥ ಕಲ್ಲು ತಂದಿದ್ದರೆ ಮೇಲಿನ ಮೂಲೆಯನ್ನು ಜಾಸ್ತಿ ಗುಂಡಗೆ ಮಾಡಿಸಿ.

ಇನ್ನೊಂದು ಮಾತು. ಚಪಾತಿ ಲಟ್ಟಿಸುವಾಗ, ಜೋಳದ ರೊಟ್ಟಿ ತಟ್ಟುವಾಗ ನಾವು ಕಟ್ಟೆಗೆ ಒರಗಿ ನಿಲ್ಲುತ್ತೇವೆ. ಮುಂಗೈ ಅಂಚಿನ ಮೇಲೆ ಊರುತ್ತದೆ, ಹೊಟ್ಟೆ ತಾಗುತ್ತದೆ. ಇಪ್ಪತ್ತು ರೊಟ್ಟಿ ತಟ್ಟುವ ಹೊತ್ತಿಗೆ ಚೂಪಾದ ಅಂಚು ಮುಂಗೈ ಮೇಲೆ ಕೆಂಪು ಗೆರೆ ಬಿಡುತ್ತದೆ. ಮನೆಯಲ್ಲಿ ಈ ಕೆಲಸ ದಿನಾ ಮಾಡುವವರು ಯಾರೋ, ಅಂಚನ್ನು ಅವರೇ ಆರಿಸಬೇಕು. ದುಡ್ಡು ಕೊಡುವವರು ಆರಿಸೋದಲ್ಲ.

ಕೆಳಗಿನ ಮೂಲೆ

ನಿಮ್ಮ ಮನೆ ಕಿಟಕಿಯ ಸಜ್ಜಾದ ಕೆಳಗೆ ಕೈ ಹಾಕಿ ನೋಡಿ. ಸರಿಯಾಗಿ ಕಟ್ಟಿದ ಸಜ್ಜಾ ಆದರೆ, ಅಂಚಿನಿಂದ ಸ್ವಲ್ಪ ಒಳಗೆ ಉದ್ದಕ್ಕೂ ಒಂದು ಸಣ್ಣ ಕಾಲುವೆ ಸಿಗುತ್ತದೆ. ಮಳೆ ನೀರು ಸಜ್ಜಾದ ಅಂಚು ದಾಟಿ, ತಳಕ್ಕೆ ಅಂಟಿಕೊಂಡು, ಗೋಡೆಯವರೆಗೆ ಹರಿಯದಿರಲಿ ಅಂತ ಗಾರೆಯವರು ಅದನ್ನು ಬಿಡುತ್ತಾರೆ. ನೀರಿಗೆ ಮೇಲ್ಮೈಗೆ ಅಂಟಿಕೊಳ್ಳುವ ಗುಣ ಇದೆ. ನಯವಾಗಿ ಬಾಗಿದ ದಾರಿ ಸಿಕ್ಕರೆ ಅದು ತಲೆಕೆಳಗಾಗಿಯೂ ಹರಿಯುತ್ತದೆ. ಲೋಟದಿಂದ ಹಾಲನ್ನು ನಿಧಾನವಾಗಿ ಬಗ್ಗಿಸಿದಾಗ ಅದು ಲೋಟದ ಹೊರಮೈಗೆ ಅಂಟಿಕೊಂಡು ಇಳಿಯುತ್ತದಲ್ಲ, ಹಾಗೆ. ದಾರಿಯಲ್ಲಿ ಒಂದು ಚೂಪು ತಿರುವು ಬಂದರೆ ಮಾತ್ರ ಹನಿ ಕೈಬಿಟ್ಟು ಕೆಳಗೆ ಬೀಳುತ್ತದೆ.

ಫುಲ್ ರೌಂಡ್ ಅಂಚಿನಲ್ಲಿ ನಮ್ಮ ಮನೆಯಲ್ಲಿ ಆಗಿದ್ದು ಇದೇ. ಪಾತ್ರೆ ತೊಳೆದ ನೀರು ಕಟ್ಟೆಯ ಮೇಲಿಂದ ಗುಂಡು ಅಂಚಿನ ಮೇಲೆ ಜಾರಿ, ಹಾಗೇ ತಳಕ್ಕೆ ಸುತ್ತಿಕೊಂಡು, ಒಳಗೆ ಹೋಗಿ ಶಟರ್ ತಲೆಯ ಮೇಲೆ ಇಳಿಯುತ್ತಿತ್ತು. ಪ್ಲೈವುಡ್ಡು, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಎರಡಕ್ಕೂ ಇದು ವಿಷ. ಶಟರಿನ ಮೇಲ್ತುದಿಗೆ ಎಡ್ಜ್ ಬ್ಯಾಂಡ್, ಅಂದರೆ ಅಂಚು ಮುಚ್ಚುವ ಪಟ್ಟಿ, ಸರಿಯಾಗಿ ಅಂಟಿಸದಿದ್ದರೆ ಮುಗಿಯಿತು.

ಕೆಳಗಿನ ಮೂಲೆಯನ್ನು ಚೂಪಾಗಿ ಬಿಟ್ಟರೆ ಹನಿ ಅಲ್ಲೇ ಕಳಚಿ ಬೀಳುತ್ತದೆ. ಕೈಗೆ ಕೊಯ್ಯದಿರಲು ಬರೀ 1 ಮಿ.ಮೀ. ಉಜ್ಜಿದರೆ ಸಾಕು. ಇನ್ನೂ ಗಟ್ಟಿ ಉಪಾಯ ಬೇಕೆಂದರೆ, ಸಜ್ಜಾಕ್ಕೆ ಮಾಡುವ ಹಾಗೆ, ಕಲ್ಲಿನ ತಳದಲ್ಲಿ ಅಂಚಿನಿಂದ ಅರ್ಧ ಇಂಚು ಒಳಗೆ ಕಟರ್‌ನಿಂದ 2–3 ಮಿ.ಮೀ. ಆಳದ ಗೀರು ಹಾಕಿಸಬಹುದು. ಹಲಗೆ ತೆಳ್ಳಗಿದ್ದರೆ ಇದಕ್ಕಿಂತ ಆಳ ಬೇಡ. ಸಿಂಕಿನ ಎದುರಿಗಂತೂ ಈ ಗೀರು ಬಹಳ ಉಪಯುಕ್ತ. ಕಟ್ಟೆ ಶಟರ್‌ಗಿಂತ ಒಂದರಿಂದ ಒಂದೂವರೆ ಇಂಚು ಮುಂದೆ ಚಾಚಿರಬೇಕು. ಇಲ್ಲದಿದ್ದರೆ ಗೀರು ಇದ್ದೂ ಪ್ರಯೋಜನವಿಲ್ಲ, ಹನಿ ಶಟರ್ ಮೇಲೇ ಬೀಳುತ್ತದೆ.

ಈಗ ಹೆಸರುಗಳಿಗೆ ಬರೋಣ

ನೇರ ಅಂಚು, ಅಂದರೆ ಸ್ಟ್ರೇಟ್ ಪಾಲಿಶ್: ಮುಂದಿನ ಮುಖ ಚಪ್ಪಟೆ, ಎರಡೂ ಮೂಲೆ 90 ಡಿಗ್ರಿ. ಹೊಸ ಫ್ಲ್ಯಾಟ್‌ಗಳ ಮಾಡ್ಯುಲರ್ ಕಿಚನ್‌ಗಳಲ್ಲಿ ಈಗ ಇದೇ ಜಾಸ್ತಿ. ನೀರಿನ ದೃಷ್ಟಿಯಿಂದ ಒಳ್ಳೆಯದು. ಮೇಲಿನ ಮೂಲೆಯನ್ನು ಮಾತ್ರ ಹಾಗೇ ಬಿಡಬಾರದು. ಕನಿಷ್ಠ 3 ಮಿ.ಮೀ. ಗುಂಡಗೆ ಮಾಡಿಸಿ, ಅಥವಾ 45 ಡಿಗ್ರಿಯಲ್ಲಿ ಓರೆಯಾಗಿ ಕತ್ತರಿಸಿ. ಓರೆ ಕತ್ತರಿಸುವುದಕ್ಕೆ ಚೇಂಫರ್ ಅನ್ನುತ್ತಾರೆ. ಚೇಂಫರ್ ಮಾಡಿದಾಗ ಒಂದು ಚೂಪು ಮೂಲೆಯ ಬದಲು ಎರಡು ಮೊಂಡು ಮೂಲೆ ಆಗುತ್ತವೆ. ಪೆಟ್ಟಿಗೆ ಅದೂ ಪರವಾಗಿಲ್ಲ, ಮುಂಗೈಗೆ ಮಾತ್ರ ಗುಂಡನೆಯದೇ ಹಿತ.

ಹಾಫ್ ರೌಂಡ್: ಮೇಲಿನ ಮೂಲೆ ಚೆನ್ನಾಗಿ ಗುಂಡಗೆ, ಕೆಳಗಿನ ಮೂಲೆ ಚೂಪು. ನಮ್ಮ ಅಡುಗೆಗೆ ಇದಕ್ಕಿಂತ ಹೊಂದುವ ಅಂಚು ನನಗೆ ಕಂಡಿಲ್ಲ. ಕೈಗೆ ಮೆತ್ತಗಿರುತ್ತದೆ, ಪಾತ್ರೆಯ ಪೆಟ್ಟು ತಾಳುತ್ತದೆ, ಕಟ್ಟೆ ಒರೆಸುವಾಗ ಕಸ, ಹಿಟ್ಟು ಎಲ್ಲ ಸಲೀಸಾಗಿ ಜಾರಿ ಅಂಗೈಗೆ ಬರುತ್ತದೆ, ನೀರು ತಳಕ್ಕೆ ಸುತ್ತುವುದಿಲ್ಲ. ಮಾಡೋದೂ ಸುಲಭ, ಹಾಗಾಗಿ ಖರ್ಚೂ ಮಿತಿಯಲ್ಲಿ ಇರುತ್ತದೆ.

ಆದರೆ ಈ ಹೆಸರಿನಲ್ಲೇ ಒಂದು ತೊಡಕಿದೆ. ಕೆಲವು ಮೇಸ್ತ್ರಿಗಳಿಗೆ ಹಾಫ್ ರೌಂಡ್ ಅಂದರೆ ಮೇಲೆ ಮಾತ್ರ ಗುಂಡು. ಇನ್ನು ಕೆಲವರಿಗೆ ಪೂರ್ತಿ ಅರ್ಧ ವೃತ್ತ, ಅಂದರೆ ಮೇಲೂ ಕೆಳಗೂ ಗುಂಡು. ಅದನ್ನೇ ಮತ್ತೊಬ್ಬರು ಫುಲ್ ರೌಂಡ್ ಅಂತಾರೆ, ಅಂಗಡಿಯ ಹುಡುಗ ಬುಲ್‌ನೋಸ್ ಅಂತಾನೆ. ಗೂಳಿಯ ಮೂಗಿನ ಹಾಗೆ ಗುಂಡಗಿದೆ ಅಂತ ಆ ಹೆಸರು. ಒಂದೇ ಹೆಸರಿಗೆ ಎರಡು ಆಕಾರ, ಒಂದೇ ಆಕಾರಕ್ಕೆ ಮೂರು ಹೆಸರು. ಆದ್ದರಿಂದ ಹೆಸರು ಹೇಳಿ ಬರಬೇಡಿ, ಆಗಲೇ ಬರೆದ ಚಿತ್ರ ಕೊಡಿ. “ಮೇಲಿನ ಮೂಲೆ ಇಷ್ಟು ಗುಂಡು, ಕೆಳಗಿನ ಮೂಲೆ ಚೂಪು” ಅಂತ ಅದರ ಪಕ್ಕದಲ್ಲೇ ಬರೆಯಿರಿ.

ಫುಲ್ ರೌಂಡ್ ಪೂರ್ತಿ ಕೆಟ್ಟದ್ದು ಅಂತ ಅಲ್ಲ. ಊಟದ ಮೇಜಿನ ಕಲ್ಲಿಗೆ, ನೀರು ಬೀಳದ ಕಡೆಗೆ, ಚಿಕ್ಕ ಮಕ್ಕಳ ತಲೆ ತಾಗುವ ಎತ್ತರದ ಅಂಚಿಗೆ ಅದು ಒಳ್ಳೆಯ ಆಯ್ಕೆ. ಸಿಂಕು ಇರುವ ಕಟ್ಟೆಗೆ ಮಾತ್ರ ಬೇಡ.

ಇನ್ನು ಓಜಿ. ಪಕ್ಕದಿಂದ ನೋಡಿದರೆ ಎಸ್ ಅಕ್ಷರದ ಹಾಗೆ ಒಳಗೆ ಹೊರಗೆ ಬಾಗುವ ಅಂಚು. ಕಣ್ಣಿಗೆ ಶ್ರೀಮಂತವಾಗಿ ಕಾಣುತ್ತದೆ. ಈ ಬಾಗು ನಮಗೆ ಹೊಸದೇನಲ್ಲ. ದೇವಸ್ಥಾನಗಳ ಅಧಿಷ್ಠಾನದಲ್ಲಿ, ಅಂದರೆ ಗೋಡೆಯ ಕೆಳಗಿನ ಪೀಠದಲ್ಲಿ, ಪದ್ಮ, ಕುಮುದ, ಕಪೋತ ಅಂತ ಒಂದರ ಮೇಲೊಂದು ಪಟ್ಟಿಗಳು ಬರುತ್ತವಲ್ಲ, ಅಲ್ಲಿ ಪದ್ಮದ ಬಾಗು ಹೀಗೇ ಇರುತ್ತದೆ, ಕುಮುದ ಹೆಚ್ಚಾಗಿ ಗುಂಡಗಿರುತ್ತದೆ. ಆದರೆ 1117ರಲ್ಲಿ ಬೇಲೂರಿನ ಚೆನ್ನಕೇಶವ ದೇವಸ್ಥಾನಕ್ಕೆ ಉಳಿ ಹಿಡಿದವರು ಕೆತ್ತಿದ್ದು ಬಳಪದ ಕಲ್ಲನ್ನು. ಗಣಿಯಿಂದ ತೆಗೆದಾಗ ಮೆದುವಾಗಿರುವ ಕಲ್ಲು ಅದು, ಎಷ್ಟು ಸೂಕ್ಷ್ಮವಾದ ಬಾಗನ್ನಾದರೂ ಹಿಡಿಯುತ್ತದೆ. ಗ್ರಾನೈಟ್ ಹಾಗಲ್ಲ. ಅದರಲ್ಲಿ ಓಜಿ ಸರಿಯಾಗಿ ಬರಬೇಕಾದರೆ ಆ ಆಕಾರದ್ದೇ ವಜ್ರದ ಚಕ್ರ ಬೇಕು, ಯಂತ್ರದ ಮೇಲೆ ಮಾಡಬೇಕು. ಮನೆ ಮುಂದೆ ಕೂತು ಕೈ ಗ್ರೈಂಡರ್‌ನಲ್ಲಿ ಮಾಡಿದ ಓಜಿ ಉದ್ದಕ್ಕೂ ಅಲೆ ಅಲೆಯಾಗಿ ಬರುವ ಸಂಭವವೇ ಜಾಸ್ತಿ. ಎರಡು ಹಲಗೆ ಸೇರುವ ಕಡೆ, ಎಲ್ ಆಕಾರದ ಕಟ್ಟೆಯ ಒಳಮೂಲೆಯಲ್ಲಿ ಬಾಗಿಗೆ ಬಾಗು ಕೂಡುವುದು ಇನ್ನೂ ಕಷ್ಟ. ಅದೂ ಅಲ್ಲದೆ ಆ ಒಳಬಾಗಿನಲ್ಲಿ ಒಗ್ಗರಣೆಯ ಎಣ್ಣೆ, ಅರಿಶಿನ, ಹಿಟ್ಟು ಕೂತು ಅಂಟು ಕಟ್ಟುತ್ತದೆ. ದಿನಾ ಅಡುಗೆ ಮಾಡುವ ಮನೆಗೆ ನಾನು ಇದನ್ನು ಹೇಳುವುದಿಲ್ಲ.

ದಪ್ಪ, ಪಟ್ಟಿ ಮತ್ತು ಕಾಯಿ ತುರಿಯುವ ಯಂತ್ರ

ನಮ್ಮಲ್ಲಿ ಅಡುಗೆಮನೆಗೆ ಸಿಗುವ ಹಲಗೆ ಸಾಮಾನ್ಯವಾಗಿ 16ರಿಂದ 20 ಮಿ.ಮೀ. ದಪ್ಪ ಇರುತ್ತದೆ. ಮುಂದಿನಿಂದ ನೋಡಿದಾಗ ದಪ್ಪ ಕಾಣಲಿ ಅಂತ ಅಂಚಿನ ಕೆಳಗೆ ಅದೇ ಕಲ್ಲಿನ ಒಂದೆರಡು ಇಂಚಿನ ಪಟ್ಟಿ ಅಂಟಿಸುತ್ತಾರೆ. ಇದಕ್ಕೆ ಡಬಲ್ ಮೋಲ್ಡಿಂಗ್ ಅನ್ನುತ್ತಾರೆ. ಆಗ ಅಂಚು 32–40 ಮಿ.ಮೀ. ಆಗಿ ಕಾಣುತ್ತದೆ. ಕಪ್ಪು ಕಲ್ಲಿನಲ್ಲಿ ಅಂಟಿಸಿದ ಗೆರೆ ಗೊತ್ತಾಗುವುದಿಲ್ಲ. ಬಳ್ಳಿಯಂಥ ಗೆರೆಗಳಿರುವ ತಿಳಿ ಬಣ್ಣದ ಕಲ್ಲಿನಲ್ಲಿ ಮೇಲಿನ ಬಳ್ಳಿ ಒಂದು ಕಡೆ, ಪಟ್ಟಿಯ ಬಳ್ಳಿ ಇನ್ನೊಂದು ಕಡೆ ಹೋಗಿ ಜೋಡು ಎದ್ದು ಕಾಣುತ್ತದೆ. ಅಂಥ ಕಲ್ಲಿಗೆ ಎರಡೂ ತುಂಡನ್ನು 45 ಡಿಗ್ರಿಯಲ್ಲಿ ಕತ್ತರಿಸಿ ಕೂಡಿಸುವ ಮೈಟರ್ ಕೆಲಸ ಚೆಂದ. ಜೋಡು ಸರಿಯಾಗಿ ಮೂಲೆಯಲ್ಲೇ ಅಡಗುತ್ತದೆ. ಆದರೆ ಅದೇ ಮೂಲೆಯಲ್ಲಿ ಕಲ್ಲು ತೆಳ್ಳಗಾಗಿರುತ್ತದೆ, ಪೆಟ್ಟಿಗೆ ಬೇಗ ಚಕ್ಕೆ ಏಳುತ್ತದೆ. ಜಾಸ್ತಿ ಗುಂಡಗೆ ಮಾಡಲೂ ಬರುವುದಿಲ್ಲ, ಉಜ್ಜಿದಷ್ಟೂ ಅಂಟಿನ ಗೆರೆ ಹೊರಗೆ ಕಾಣುತ್ತದೆ.

ದಪ್ಪ ಮಾಡಿಸುವ ಮುಂಚೆ ಮನೆಯ ಒಂದು ವಸ್ತುವನ್ನು ನೆನಪಿಸಿಕೊಳ್ಳಿ: ಕಟ್ಟೆಯ ಅಂಚಿಗೆ ಸ್ಕ್ರೂ ತಿರುಗಿಸಿ ಕಚ್ಚಿಸುವ ಕಾಯಿ ತುರಿಯುವ ಯಂತ್ರ. ಶಾವಿಗೆ ಒತ್ತುವ ಯಂತ್ರವೂ ಹಲವು ಮನೆಗಳಲ್ಲಿ ಹೀಗೇ ಕಚ್ಚುತ್ತದೆ. ಅದರ ಬಾಯಿಗೆ ಮೇಲೊಂದು ಚಪ್ಪಟೆ ಜಾಗ, ಕೆಳಗೊಂದು ಚಪ್ಪಟೆ ಜಾಗ ಬೇಕು. ಫುಲ್ ರೌಂಡ್‌ನಲ್ಲಿ ಅಂಚಿನ ಕೆಳಗೆ ಹಿಡಿತ ಸಿಗದೆ ಜಾರುತ್ತದೆ. ಡಬಲ್ ಮೋಲ್ಡಿಂಗ್‌ನಲ್ಲಿ ಬಾಯಿ ಅಷ್ಟು ಅಗಲ ತೆರೆಯದೇ ಇರಬಹುದು. ತೆರೆದರೂ ಕೆಳಗಿನ ಸ್ಕ್ರೂ ಪಟ್ಟಿಗೆ ಒತ್ತಿ, ಅಂಟಿಸಿದ ಜೋಡಿನ ಮೇಲೆ ಭಾರ ಬೀಳುತ್ತದೆ. ಒಂಟಿ ಹಲಗೆಯ ಹಾಫ್ ರೌಂಡ್‌ಗೆ ಈ ಯಾವ ತೊಂದರೆಯೂ ಇಲ್ಲ. ಯಂತ್ರದ ಬಾಯಿಯನ್ನು ಟೇಪ್ ಹಿಡಿದು ಅಳೆದು ನೋಡಿ, ಎರಡು ನಿಮಿಷದ ಕೆಲಸ. ದೊಡ್ಡ ದಪ್ಪ ಅಂಚೇ ಬೇಕು ಅಂತಿದ್ದರೆ ಕಟ್ಟೆಗೆ ಗಾಳಿಯ ಹಿಡಿತದಲ್ಲಿ ಅಂಟಿ ನಿಲ್ಲುವ ತುರಿಯುವ ಯಂತ್ರ ಸಿಗುತ್ತದೆ, ಅದಕ್ಕೆ ಬದಲಾಯಿಸಬಹುದು. ಅಮ್ಮ ಮಾತ್ರ ಒಪ್ಪಲಿಲ್ಲ. ಮೂವತ್ತು ವರ್ಷ ಕೈಗೆ ಒಗ್ಗಿದ್ದು ಅದು.

ಕಲ್ಲು ಗ್ರಾನೈಟ್ ಅಲ್ಲದಿದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಕಡಪ, ಶಹಾಬಾದ್ ಕಲ್ಲುಗಳು ಸುಣ್ಣದ ಕಲ್ಲಿನ ಜಾತಿ. ಮಾರ್ಬಲ್ಲೂ ಅದೇ ಖನಿಜದ್ದು. ಮೋಸ್ ಮಾಪಕದಲ್ಲಿ 3ರ ಹತ್ತಿರ. ಹುಣಸೆ ರಸ, ನಿಂಬೆ ಬಿದ್ದರೆ ಪಾಲಿಶ್ ತಿಂದುಹೋಗುತ್ತದೆ, ಬಾಗು ಬಾಗಿನ ಅಂಚಿನಲ್ಲಿ ಆ ಕಲೆಯನ್ನು ಮತ್ತೆ ಉಜ್ಜಿ ತೆಗೆಯುವುದು ಕಷ್ಟ. ಅವಕ್ಕೆ ಸರಳ ಅಂಚೇ ಸರಿ. ಬಣ್ಣ, ಗೆರೆ ಎಲ್ಲ ಮೇಲ್ಪದರದಲ್ಲಿ ಮಾತ್ರ ಇರುವ ದೊಡ್ಡ ಟೈಲ್ ಹಲಗೆಗಳು ಈಗ ಬಂದಿವೆ. ಅವುಗಳ ಅಂಚನ್ನು ಗುಂಡಗೆ ಮಾಡಿದರೆ ಒಳಗಿನ ಬೇರೆ ಬಣ್ಣ ಹೊರಗೆ ಬರುತ್ತದೆ. ಕೊಳ್ಳುವಾಗ “ಫುಲ್ ಬಾಡಿನಾ?” ಅಂತ, ಅಂದರೆ ಬಣ್ಣ ಒಳಗಿನವರೆಗೂ ಇದೆಯಾ ಅಂತ ಕೇಳಿ.

ಸಿಂಕಿನ ಸುತ್ತ

ಎಲ್ಲರೂ ಮುಂದಿನ ಅಂಚಿನ ಬಗ್ಗೆ ಮಾತಾಡುತ್ತಾರೆ. ಅತಿ ಹೆಚ್ಚು ಪೆಟ್ಟು ತಿನ್ನುವುದು ಸಿಂಕಿನ ಸುತ್ತಲಿನ ಅಂಚು. ಸಿಂಕನ್ನು ಕಲ್ಲಿನ ಕೆಳಗಿನಿಂದ ಕೂರಿಸಿದರೆ ಕತ್ತರಿಸಿದ ಅಂಚು ಪೂರ್ತಿ ಬಯಲಾಗಿ ಕಾಣುತ್ತದೆ. ದಿನಕ್ಕೆ ಎಷ್ಟು ಸಲ ತಟ್ಟೆ, ಬಾಣಲೆ, ದೋಸೆ ಕಾವಲಿ ಅದಕ್ಕೆ ತಾಗುತ್ತದೋ ಲೆಕ್ಕ ಹಾಕಿ. ಇಲ್ಲಿ ಮೇಲಿನ ಮೂಲೆ ಕನಿಷ್ಠ 3 ಮಿ.ಮೀ. ಗುಂಡಗಿರಲೇಬೇಕು, ಪಾಲಿಶ್ ಆಗಿರಲೇಬೇಕು. ಕತ್ತರಿಸಿದ ತೂತಿನ ನಾಲ್ಕು ಒಳಮೂಲೆಗಳೂ ಗುಂಡಗಿರಬೇಕು. ಚೂಪಾದ ಒಳಮೂಲೆಯಲ್ಲಿ ಒತ್ತಡವೆಲ್ಲ ಒಂದೇ ಬಿಂದುವಿಗೆ ಸೇರುತ್ತದೆ, ಬಿರುಕು ಹುಟ್ಟುವುದು ಅಲ್ಲಿಂದಲೇ. ಸಿಂಕಿನ ಮುಂದೆ ಉಳಿಯುವ ಮೂರು ನಾಲ್ಕು ಇಂಚಿನ ಪಟ್ಟಿ ಸಾಗಿಸುವಾಗಲೇ ಮುರಿಯುವುದು ಇದೇ ಕಾರಣಕ್ಕೆ. ಕೆಲವು ಹಳೆಯ ಮನೆಗಳಲ್ಲಿ ಸಿಂಕಿನ ಎದುರು ಅಂಚಿನ ಮೇಲೆ ಒಂದು ಸಣ್ಣ ಕಲ್ಲಿನ ಪಟ್ಟಿ ಎಬ್ಬಿಸಿ ನೀರು ಮುಂದೆ ಹರಿಯದಂತೆ ತಡೆದಿರುತ್ತಾರೆ. ಒರಗಿದಾಗ ಒತ್ತುತ್ತದೆ ಅನ್ನುವುದೊಂದು ಬಿಟ್ಟರೆ ಅದು ಜಾಣತನದ ಕೆಲಸ.

ಅಳತೆ, ಧೂಳು, ತುಂಡು

ಮೋಲ್ಡಿಂಗ್ ಕೂಲಿ ರನ್ನಿಂಗ್ ಅಡಿ, ಅಂದರೆ ಅಂಚಿನ ಉದ್ದದ ಲೆಕ್ಕದಲ್ಲಿ. ಗೋಡೆಯ ಕಡೆ 10 ಅಡಿ ಮತ್ತು 8 ಅಡಿ ಇರುವ ಎಲ್ ಆಕಾರದ ಕಟ್ಟೆ, ಅಗಲ 2 ಅಡಿ ಅಂತಿಟ್ಟುಕೊಳ್ಳಿ. ಗೋಡೆ ಬದಿ ಅಳೆದರೆ 18 ಅಡಿ ಬರುತ್ತದೆ. ಆದರೆ ಮೋಲ್ಡಿಂಗ್ ಬರುವುದು ಮುಂದಿನ ಬದಿಗೆ. ಅದು 8 ಮತ್ತು 6, ಒಟ್ಟು 14 ಅಡಿ. ಕಟ್ಟೆಯ ತುದಿ ಗೋಡೆಗೆ ಮುಟ್ಟದೆ ಬಯಲಾಗಿದ್ದರೆ ಒಂದೊಂದು ತುದಿಗೆ 2 ಅಡಿ ಸೇರಿಸಿ. ಸಿಂಕಿನ ತೂತಿನ ಸುತ್ತಳತೆ ಬೇರೆ. ಮೊದಲೇ ಇದನ್ನು ಮಾತಾಡಿಕೊಂಡರೆ ಕೊನೆಯಲ್ಲಿ ಮುನಿಸು ಇರುವುದಿಲ್ಲ.

ಕೆಲಸ ಎಲ್ಲಿ, ಹೇಗೆ ಮಾಡುತ್ತಾರೆ ಅನ್ನುವುದನ್ನೂ ಕೇಳಿ. ಒಳ್ಳೆಯ ಅಂಚು ಒರಟು ಕಲ್ಲಿನಿಂದ ಶುರುವಾಗಿ 50, 100, 200, 400, 800, 1500, 3000 ಅಂತ ಒಂದೊಂದೇ ನಂಬರಿನ ಉಜ್ಜುವ ಪ್ಯಾಡ್ (ನಂಬರ್ ಹೆಚ್ಚಿದಷ್ಟೂ ನಯ) ದಾಟಿ ಹೊಳಪಿಗೆ ಬರುತ್ತದೆ. ನಡುವೆ ಎರಡು ನಂಬರ್ ಹಾರಿಸಿದರೆ ಕಪ್ಪು ಕಲ್ಲಿನ ಅಂಚು ಬೂದು ಬಣ್ಣಕ್ಕೆ ಕಾಣುತ್ತದೆ, ಮೇಲ್ಮೈ ಮಾತ್ರ ಕಪ್ಪಗೆ ಹೊಳೆಯುತ್ತದೆ.

ನೀರು ಹಾಕದೆ ಉಜ್ಜಿದಾಗ ಏಳುವ ಬಿಳಿ ಧೂಳು ಮಾತ್ರ ದೊಡ್ಡ ವಿಷಯ. ಗ್ರಾನೈಟ್‌ನಲ್ಲಿ ಸಾಮಾನ್ಯವಾಗಿ ಕಾಲು ಭಾಗಕ್ಕಿಂತ ಹೆಚ್ಚೇ ಸಿಲಿಕಾ ಇರುತ್ತದೆ. ರಾಳ ಬೆರೆಸಿ ಮಾಡಿದ ಕ್ವಾರ್ಟ್ಜ್ ಹಲಗೆಗಳಲ್ಲಿ ಅದು ಶೇ 90ರವರೆಗೂ ಹೋಗುತ್ತದೆ. ಆ ಧೂಳು ಶ್ವಾಸಕೋಶದ ಆಳಕ್ಕೆ ಇಳಿದು ಸಿಲಿಕೋಸಿಸ್ ತರುತ್ತದೆ. ವಾಸಿಯಾಗುವ ಕಾಯಿಲೆ ಅಲ್ಲ ಅದು. ಈ ಕೆಲಸದ ಯುವಕರು ಕಾಯಿಲೆ ಬಿದ್ದಿದ್ದನ್ನು ಕಂಡೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಂಥ ಕೃತಕ ಹಲಗೆಗಳನ್ನೇ ನಿಷೇಧಿಸಿತು. ನಮ್ಮ ಮನೆಯ ಅಂಚು ನುಣುಪಾಗಲಿ ಅಂತ ಇನ್ನೊಬ್ಬರ ಎದೆ ಹಾಳಾಗಬಾರದು. ಅಂಚಿನ ಕೆಲಸವನ್ನು ಆದಷ್ಟು ಕಾರ್ಖಾನೆಯಲ್ಲೇ, ನೀರು ಹರಿಯುವ ಯಂತ್ರದಲ್ಲಿ ಮಾಡಿಸಿ. ಸೈಟಿನಲ್ಲಿ ಮಾಡಲೇಬೇಕಾದರೆ ನೀರಿನ ಏರ್ಪಾಟು ಮಾಡಿಕೊಡಿ, ಒಳ್ಳೆಯ ಮಾಸ್ಕ್ ತಂದುಕೊಡಿ. ಮೂಗಿಗೆ ಸುತ್ತಿದ ಟವೆಲ್ ಈ ಧೂಳನ್ನು ತಡೆಯುವುದಿಲ್ಲ. ಅಡುಗೆಮನೆಯ ಒಳಗೆ ಕೂತು ಉಜ್ಜುವುದಂತೂ ಬೇಡವೇ ಬೇಡ.

ಒಪ್ಪಿಗೆ ಕೊಡುವ ಮುಂಚೆ ನಿಮ್ಮದೇ ಕಲ್ಲಿನ ಒಂದು ಅಡಿ ತುಂಡಿಗೆ ಅಂಚು ಮಾಡಿಸಿ ತರಿಸಿಕೊಳ್ಳಿ. ಸಿಂಕಿಗೆ ಕತ್ತರಿಸಿದ ತುಂಡು ಹೇಗೂ ಉಳಿದಿರುತ್ತದೆ. ಅದನ್ನು ಮೇಜಿನ ತುದಿಗೆ ಚಾಚಿ ಇಟ್ಟು ಮುಂಗೈ ಊರಿ ನೋಡಿ. ಒಂದು ಚಮಚ ನೀರು ಮೇಲೆ ಹಾಕಿ ಮುಂದಕ್ಕೆ ತಳ್ಳಿ, ಬಗ್ಗಿ ತಳ ನೋಡಿ. ಹನಿ ಬಿತ್ತಾ, ಸುತ್ತಿತಾ? ತುರಿಯುವ ಯಂತ್ರ ಕಚ್ಚಿಸಿ ನೋಡಿ. ಕೆಲಸ ಮುಗಿಯುವ ತನಕ ಆ ತುಂಡು ನಿಮ್ಮ ಹತ್ತಿರವೇ ಇರಲಿ.

ಆಗಲೇ ಫುಲ್ ರೌಂಡ್ ಮಾಡಿಸಿ ಆಗಿದ್ದರೆ ಕಲ್ಲು ಕಿತ್ತು ಹಾಕಬೇಕಿಲ್ಲ. ನಾವು ಸಿಂಕಿನ ಎದುರಿನ ನಾಲ್ಕು ಅಡಿಗೆ ಕಲ್ಲಿನ ತಳದಲ್ಲಿ ಸಣ್ಣ ಅಲ್ಯೂಮಿನಿಯಂ ಎಲ್ ಪಟ್ಟಿಯನ್ನು ಸಿಲಿಕೋನ್‌ನಿಂದ ಅಂಟಿಸಿದೆವು, ಅದರ ಒಂದು ತುದಿ ಕೆಳಗೆ ಇಳಿದಿರುವ ಹಾಗೆ. ನೀರು ಈಗ ಆ ತುದಿಯಿಂದ ನೆಲಕ್ಕೆ ಬೀಳುತ್ತದೆ. ಊದಿದ ಶಟರ್ ಬದಲಾಯಿಸಿದೆವು, ಹೊಸದು ಎರಡು ಮಳೆಗಾಲ ಕಳೆದರೂ ಗಟ್ಟಿಯಾಗಿದೆ. ಅಮ್ಮನ ಯಂತ್ರಕ್ಕೆ ಕಟ್ಟೆಯ ಇನ್ನೊಂದು ತುದಿಯಲ್ಲಿ ಒಂದೂವರೆ ಅಡಿಯಷ್ಟು ಉದ್ದಕ್ಕೆ ತಳದ ಗುಂಡನ್ನು ಕತ್ತರಿಸಿಸಿ, ಅದೇ ಕಲ್ಲಿನ ತುಂಡು ಕೂರಿಸಿ ಚಪ್ಪಟೆ ಮಾಡಿಸಿದೆವು. ಕಾಯಿ ತುರಿಯುವ ಕೆಲಸ ಈಗ ಅಲ್ಲೇ ನಡೆಯುತ್ತದೆ.